ಮಳೆಗಾಲದಲ್ಲಿ ಬಾತು, ಕೋಳಿ ಗೂಡಿಗೆ ಯಾವ ಹಾಸು ಹಾಕುತ್ತೀರಿ?

ತುಂಗೆಯ ದಡ (ತೀರ್ಥಹಳ್ಳಿ ಕಡೆ) – ಜೂನ್ 24

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ 14 ನಾಟಿ ಕೋಳಿ ಇವೆ. ಜನವರಿಯಲ್ಲಿ 6 ಬಾತುಕೋಳಿ ತಂದೆವು, ಐದು ಹೆಣ್ಣು, ಒಂದು ಗಂಡು. ಹಳೇ ಕೊಟ್ಟಿಗೆಯ ಒಂದು ಬದಿಯನ್ನೇ ಗೂಡು ಮಾಡಿದ್ದೇವೆ. 10 ಅಡಿ ಉದ್ದ, 8 ಅಡಿ ಅಗಲ, ಸಿಮೆಂಟ್ ನೆಲ. ಎರಡೂ ಒಟ್ಟಿಗೇ ಮಲಗುತ್ತವೆ.

ಕೋಳಿ ಮಾತ್ರ ಇದ್ದಾಗ ಭತ್ತದ ಹೊಟ್ಟು ಹಾಕುತ್ತಿದ್ದೆ. ಐದಾರು ತಿಂಗಳು ಏನೂ ತೊಂದರೆ ಇರಲಿಲ್ಲ. ಈಗ ಮಳೆ ಹಿಡಿದು ಮೂರು ವಾರ ಆಯ್ತು. ಹೊಸ ಹೊಟ್ಟು ಹಾಕಿದ ಎರಡನೇ ದಿನಕ್ಕೇ ಕೆಸರಾಗುತ್ತದೆ, ಮೂರನೇ ದಿನ ಬಾಗಿಲು ತೆಗೆದರೆ ಕಣ್ಣು ಉರಿಯುತ್ತದೆ. ಎರಡು ಹೇಂಟೆ ಕಣ್ಣು ಅರ್ಧ ಮುಚ್ಚಿಕೊಂಡು ಕೂರುತ್ತಿವೆ. ಒಂದು ಬಾತು ಕುಂಟುತ್ತಿದೆ. ಮೂರು ದಿನಕ್ಕೊಮ್ಮೆ ಎಲ್ಲ ಬಾಚಿ ತೆಗೆದು ನನ್ನ ಸೊಂಟ ಹೋಯಿತು.

ಹೊಟ್ಟು ಬಿಟ್ಟು ಬೇರೆ ಏನು ಹಾಕಲಿ? ಮರದ ಪುಡಿ, ತೆಂಗಿನ ನಾರಿನ ಪುಡಿ, ಹುಲ್ಲು, ಅಡಿಕೆ ಸಿಪ್ಪೆ, ದರಗು (ಉದುರಿದ ಒಣ ಎಲೆ), ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಳಸಿ ನೋಡಿದವರು ದಯವಿಟ್ಟು ಹೇಳಿ.

ಉಡುಪಿ ಹಿತ್ತಲು – ಜೂನ್ 24

ಅಕ್ಕಾ, ಮೊದಲು ಒಂದು ಪ್ರಶ್ನೆ. ಹೊಟ್ಟು ಎಲ್ಲಿಂದ ತರುತ್ತೀರಿ? ಊರಿನ ಸಣ್ಣ ಹಲ್ಲರ್ ಮಿಲ್ಲಿನದ್ದಾದರೆ ಅದರಲ್ಲಿ ಉಮಿ, ತೌಡು, ನುಚ್ಚು ಎಲ್ಲ ಸೇರಿ ಪುಡಿಯಾಗಿರುತ್ತದೆ. ತೌಡು ನೀರು ಹಿಡಿದರೆ ಅಂಟಾಗುತ್ತದೆ, ಬೂಸ್ಟು ಬರುತ್ತದೆ, ಹುಳ ಆಗುತ್ತದೆ. ನುಚ್ಚಿನ ಆಸೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ದೊಡ್ಡ ಮಿಲ್ಲಿನಲ್ಲಿ ಭತ್ತ ಸುಲಿದಾಗ ಬರುವ ಉಮಿ ಇಡಿಯಾಗಿ, ದೋಣಿ ಆಕಾರದಲ್ಲಿ ಇರುತ್ತದೆ. ಹಾಸಿಗೆ ಬೇಕಾದ್ದು ಅದು. ಅಂಗೈಯಲ್ಲಿ ಉಜ್ಜಿ ನೋಡಿ. ಕೈಗೆ ಹಿಟ್ಟು ಮೆತ್ತಿಕೊಂಡರೆ ತರಬೇಡಿ.

ನಮ್ಮ ಕಡೆ ಈಗ ಒಳ್ಳೆಯ ಉಮಿ ಸಿಗುವುದೇ ಕಷ್ಟ. ಕುಚ್ಚಲಕ್ಕಿ ಮಿಲ್ಲಿನವರು ಭತ್ತ ಬೇಯಿಸುವ ಬಾಯ್ಲರಿಗೆ ಅದನ್ನೇ ಉರಿಸುತ್ತಾರೆ.

ತುಂಗೆಯ ದಡ – ಜೂನ್ 24

ಹೌದು, ಹಲ್ಲರ್ ಮಿಲ್ಲಿನದ್ದೇ. ಕೈಗೆ ಹಿಟ್ಟು ಮೆತ್ತುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ.

ನಿವೃತ್ತ ಪಶುವೈದ್ಯೆ (ಶಿವಮೊಗ್ಗ) – ಜೂನ್ 25

ಹಾಸು ಬದಲಿಸುವ ಮುಂಚೆ ಹೇಳಿ: ಕುಡಿಯುವ ನೀರನ್ನು ಎಲ್ಲಿ ಇಟ್ಟಿದ್ದೀರಿ?

ಯಾಕೆ ಕೇಳುತ್ತೇನೆ ಅಂದರೆ, ಬಾತಿನ ಹಿಕ್ಕೆ ಕೋಳಿಯ ಹಿಕ್ಕೆಗಿಂತ ತುಂಬಾ ನೀರು. ಅದರ ಮೇಲೆ ಬಾತು ನೀರು ಕುಡಿಯುವುದಷ್ಟೇ ಅಲ್ಲ, ಕೊಕ್ಕು ಮುಳುಗಿಸಿ ಮೂಗು, ಕಣ್ಣು ತೊಳೆದುಕೊಳ್ಳುತ್ತದೆ. ಬಾಯಿ ತುಂಬ ಮೇವು ತಂದು ನೀರಿನಲ್ಲಿ ಅದ್ದುತ್ತದೆ, ತಲೆ ಕೊಡವುತ್ತದೆ. ಅದು ಅದರ ಆರೋಗ್ಯಕ್ಕೆ ಬೇಕೇ ಬೇಕು. ಹಾಗಾಗಿ 5–6 ಇಂಚು ಆಳದ ಪಾತ್ರೆ ಕೊಡಬೇಕು. ಆದರೆ ಆ ಪಾತ್ರೆ ಹಾಸಿನ ಮೇಲೆ ಇದ್ದರೆ ಜಗತ್ತಿನ ಯಾವ ಹಾಸೂ ಉಳಿಯುವುದಿಲ್ಲ.

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಕೋಳಿ ಕೆದಕುತ್ತದೆ, ಬಾತು ಮೆಟ್ಟುತ್ತದೆ. ಕೋಳಿ ದಿನವಿಡೀ ಕೆದಕಿ ಕೆದಕಿ ತನ್ನ ಹಿಕ್ಕೆಯನ್ನು ಹಾಸಿನೊಳಗೆ ತಾನೇ ಬೆರೆಸುತ್ತದೆ, ಅದಕ್ಕೇ ಮೇಲೆ ಒಣಗಿರುತ್ತದೆ. ಬಾತಿನದ್ದು ಜಾಲಪಾದ. ಓಡಾಡಿದಂತೆಲ್ಲ ಹಾಸನ್ನು ಒತ್ತಿ ರೊಟ್ಟಿ ಮಾಡಿಬಿಡುತ್ತದೆ. ರೊಟ್ಟಿಯೊಳಗೆ ಗಾಳಿ ಆಡುವುದಿಲ್ಲ, ಕೊಳೆಯುತ್ತದೆ, ಅಮೋನಿಯಾ ಏಳುತ್ತದೆ. ಅದರಿಂದಲೇ ಕಣ್ಣಿನ ಉರಿ.

ಎರಡು ಪರೀಕ್ಷೆ ಮಾಡಿ. ಹಾಸನ್ನು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ, ಕೈ ಬಿಚ್ಚಿ. ಉಂಡೆ ಹಾಗೇ ನಿಂತರೆ ಒದ್ದೆ ಜಾಸ್ತಿ. ಉಂಡೆಯಾಗಿ ಮೆಲ್ಲಗೆ ಬಿರಿದರೆ ಸರಿ. ಉಂಡೆಯೇ ಆಗದೆ ಧೂಳು ಹಾರಿದರೆ ತೀರಾ ಒಣಗಿದೆ. ಎರಡನೆಯದು, ಗೂಡಿನಲ್ಲಿ ನಿಂತು ಮೂಸಬೇಡಿ, ಕುಕ್ಕರುಗಾಲಲ್ಲಿ ಕೂತು ಮೂಸಿ. ಹಕ್ಕಿ ಉಸಿರಾಡುವುದು ನೆಲದಿಂದ ಒಂದು ಅಡಿ ಎತ್ತರದಲ್ಲಿ. ನಿಮ್ಮ ಮೂಗಿಗೆ ನಿಂತಾಗಲೇ ವಾಸನೆ ಬಡಿದರೆ ಅವಕ್ಕೆ ಅದು ಇನ್ನೂ ಜಾಸ್ತಿ.

ಕುಂಟುವ ಬಾತಿನ ಪಾದದ ಅಡಿ ನೋಡಿ. ಕಪ್ಪು ಹೊಪ್ಪಳೆ, ಊತ ಇದೆಯಾ? ಗಟ್ಟಿ ನೆಲ, ಒದ್ದೆ ಹಾಸು ಎರಡೂ ಸೇರಿದರೆ ಪಾದಕ್ಕೆ ಬಾವು ಬರುತ್ತದೆ. ಊತ ಇದ್ದರೆ ತಡ ಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ.

ತುಂಗೆಯ ದಡ – ಜೂನ್ 25

ಮೇಡಂ, ನೀರಿನ ಬಕೆಟ್ ಗೂಡಿನ ಒಳಗೇ, ಮೂಲೆಯಲ್ಲಿ ಇದೆ. ರಾತ್ರಿಯೂ ಇರುತ್ತದೆ. ಹಿಸುಕಿ ನೋಡಿದೆ, ಉಂಡೆ ಬಿರಿಯುವುದಿರಲಿ, ಬೆರಳ ಸಂದಿಯಿಂದ ನೀರು ಬಂತು. ಕೂತು ಮೂಸಿದಾಗ ಎದ್ದು ಹೊರಗೆ ಓಡಿದೆ. ಪಾಪ ಅವು ರಾತ್ರಿಯೆಲ್ಲ ಅದರಲ್ಲೇ ಮಲಗಿದ್ದವು ಅಂತ ತುಂಬಾ ಬೇಜಾರಾಯಿತು. ಬಾತಿನ ಪಾದ ಕೆಂಪಾಗಿದೆ, ಹೊಪ್ಪಳೆ ಇಲ್ಲ.

ಯಲಹಂಕದ ಮನೆ – ಜೂನ್ 25

ನಾವು ಬೆಂಗಳೂರಿನಲ್ಲಿ, ಮನೆ ಹಿಂದಿನ ಸಣ್ಣ ಜಾಗದಲ್ಲಿ 5 ಕೋಳಿ, 2 ಬಾತು ಸಾಕಿದ್ದೇವೆ. ಅಕ್ಕಪಕ್ಕದವರಿಗೆ ವಾಸನೆ ಹೋಗಬಾರದು ಅನ್ನುವುದೇ ನಮಗೆ ದೊಡ್ಡ ಚಿಂತೆ. ಮರಗೆಲಸದವರ ಹತ್ತಿರ ಸಿಗುವ ಹೆರೆತದ ಸುರುಳಿ ಬಳಸುತ್ತೇವೆ. ನಮಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಮೆತ್ತಗೆ ಇರುತ್ತದೆ, ಉಮಿಗಿಂತ ಚೆನ್ನಾಗಿ ನೀರು ಹೀರುತ್ತದೆ, ಬೇಗ ಆರುತ್ತದೆ.

ಆದರೆ ಗರಗಸದ ಪುಡಿ ಬೇರೆ, ಹೆರೆತದ ಸುರುಳಿ ಬೇರೆ. ನುಣ್ಣನೆಯ ಪುಡಿಯ ಧೂಳು ಉಸಿರಿಗೆ ಹೋಗುತ್ತದೆ, ಮರಿಗಳು ಅದನ್ನು ಮೇವು ಅಂತ ತಿಂದು ಗಂಟಲ ಚೀಲ ಕಟ್ಟಿಕೊಳ್ಳುತ್ತವೆ. ಇನ್ನೊಂದು, ಅಂಗಡಿಯಲ್ಲಿ ಏನು ಕೊಯ್ಯುತ್ತಾರೆ ಅಂತ ಕೇಳಿಯೇ ತನ್ನಿ. ಪ್ಲೈವುಡ್, ಎಂಡಿಎಫ್ ಹಲಗೆಯ ಪುಡಿಯಲ್ಲಿ ಅಂಟು ಇರುತ್ತದೆ, ಹಳೇ ಮರದಲ್ಲಿ ಬಣ್ಣ, ಗೆದ್ದಲಿನ ಔಷಧಿ ಇರಬಹುದು. ನಾನು ಒಮ್ಮೆ ಕೇಳದೆ ತಂದ ಚೀಲದಲ್ಲಿ ಸಣ್ಣ ಮೊಳೆಗಳಿದ್ದವು. ಈಗ ಪ್ರತಿ ಚೀಲವನ್ನೂ ನೆಲದ ಮೇಲೆ ಸುರಿದು, ಅಯಸ್ಕಾಂತ ಆಡಿಸಿಯೇ ಒಳಗೆ ಹಾಕುವುದು.

ತಿಪಟೂರು ತೆಂಗು – ಜೂನ್ 26

ನಾರಿನ ಪುಡಿಯ ಬಗ್ಗೆ ನಾನು ಹೇಳುತ್ತೇನೆ. ನಮ್ಮೂರ ಸುತ್ತ ನಾರಿನ ಘಟಕಗಳು ಬೇಕಾದಷ್ಟಿವೆ, ಪುಡಿ ಗುಡ್ಡದ ಹಾಗೆ ಬಿದ್ದಿರುತ್ತದೆ. ಅದು ತನ್ನ ತೂಕದ 5 ಪಟ್ಟಿಗೂ ಹೆಚ್ಚು ನೀರು ಹಿಡಿಯುತ್ತದೆ. ಇದನ್ನು ಕೇಳಿ ಬಾತಿಗೆ ಇದೇ ಸರಿ ಅಂದುಕೊಂಡು ಹಾಕಿದೆ. ಹೀರುವುದೇನೋ ಹೀರಿತು, ಬಿಡಲಿಲ್ಲ. ಒಳಗೆ ನೀರು ಹಿಡಿದುಕೊಂಡು ವಾರಗಟ್ಟಲೆ ತಣ್ಣಗೆ ಕೂತಿತ್ತು. ಬಾತುಗಳು ಸ್ಪಂಜಿನ ಮೇಲೆ ಮಲಗಿದ ಹಾಗಾಯ್ತು.

ಬೇಸಿಗೆಯಲ್ಲಿ, ಕೋಳಿಗೆ ಮಾತ್ರ, ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಪುಡಿ ಚೆನ್ನಾಗಿದೆ, ಮಣ್ಣಿನ ಸ್ನಾನ ಮಾಡಿದ ಹಾಗೆ ಹೊರಳಾಡುತ್ತವೆ. ಮಲೆನಾಡಿನ ಮಳೆಗೆ ಬೇಡ ಅಕ್ಕಾ. ತಿಪಟೂರಿನ ಮಳೆಯೇ ಅದಕ್ಕೆ ಜಾಸ್ತಿ ಆಯಿತು.

ಚಳ್ಳಕೆರೆ ಬಯಲು – ಜೂನ್ 26

ನಮ್ಮ ಕಡೆ ಶೇಂಗಾ ಸಿಪ್ಪೆ ಹಾಕುತ್ತೇವೆ. ಹಗುರ, ಅಗ್ಗ, ಗಾಳಿಯಾಡುತ್ತದೆ. ಬಾತಿಗೂ ಹಾಕಬಹುದಾ?

ನಿವೃತ್ತ ಪಶುವೈದ್ಯೆ – ಜೂನ್ 26

ಚಳ್ಳಕೆರೆಯ ಒಣ ಹವೆಯಲ್ಲಿ ಕೋಳಿಗೆ ಹಾಕಿ, ತೊಂದರೆ ಇಲ್ಲ. ಬಾತಿಗೆ, ಅದರಲ್ಲೂ ಬಾತಿನ ಮರಿಗೆ, ಖಂಡಿತ ಬೇಡ ಅನ್ನುತ್ತೇನೆ. ಶೇಂಗಾಕ್ಕೆ ತೇವ ತಗುಲಿದರೆ ಹಿಡಿಯುವ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಏನು ರೋಗ ಅಂತಲೇ ತಿಳಿಯದೆ ಸತ್ತವು. ಹುಡುಕಿದಾಗ ಮೇವಿನಲ್ಲಿದ್ದ ಶೇಂಗಾ ಹಿಂಡಿಯೇ ಕಾರಣ ಅಂತ ಗೊತ್ತಾಯಿತು. ಈ ವಿಷ ಪತ್ತೆಯಾದದ್ದೇ ಹಾಗೆ. ಬಾತಿನ ಮರಿಗಳು ಈ ವಿಷಕ್ಕೆ ಎಷ್ಟು ಸೂಕ್ಷ್ಮ ಅಂದರೆ, ಮೇವಿನಲ್ಲಿ ವಿಷ ಇದೆಯೇ ಅಂತ ನೋಡಲು ಆಗ ಅವುಗಳ ಮೇಲೇ ಪರೀಕ್ಷೆ ಮಾಡುತ್ತಿದ್ದರು. ಸಿಪ್ಪೆಯಲ್ಲಿ ಅಲ್ಲೊಂದು ಇಲ್ಲೊಂದು ಸುಕ್ಕಿದ ಬೀಜ ಉಳಿದಿರುತ್ತದೆ. ಬಾತು ಅದನ್ನು ಹುಡುಕಿ ತಿನ್ನದೆ ಬಿಡುವುದಿಲ್ಲ.

ಬೂಸ್ಟಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹುಲ್ಲಾಗಲಿ, ಸಿಪ್ಪೆಯಾಗಲಿ, ಮುಗ್ಗಲು ವಾಸನೆ ಬಂದರೆ ಗೂಡಿಗೆ ತರಬೇಡಿ. ಬಿಸಿಲಿಗೆ ಹಾಕಿ ಒಣಗಿಸಿದರೂ ಬೂಸ್ಟಿನ ಪುಡಿ ಅದರಲ್ಲೇ ಇರುತ್ತದೆ. ಅದು ಉಸಿರಿನಲ್ಲಿ ಹೋದರೆ ಪುಪ್ಪುಸಕ್ಕೆ ಹಿಡಿಯುತ್ತದೆ. ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ. ಅಷ್ಟು ಹೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಚಳ್ಳಕೆರೆ ಬಯಲು – ಜೂನ್ 26

ತಿಳಿಸಿದ್ದಕ್ಕೆ ಧನ್ಯವಾದ ಮೇಡಂ. ತಮ್ಮ ಬಾತಿನ ಮರಿ ತರುತ್ತೇನೆ ಅಂತಿದ್ದ. ಅವನಿಗೆ ಇವತ್ತೇ ಹೇಳುತ್ತೇನೆ.

ಶಿರಸಿ ಬೆಟ್ಟ – ಜೂನ್ 27

ಅಕ್ಕಾ, ನಿಮ್ಮ ಊರಿನಲ್ಲಿದ್ದುಕೊಂಡು ನೀವು ದುಡ್ಡು ಕೊಟ್ಟು ಹಾಸು ತರಬೇಕಾ ಅಂತ ನನ್ನ ಪ್ರಶ್ನೆ. ನಮ್ಮ ಹಿರಿಯರು ದನದ ಕೊಟ್ಟಿಗೆಗೆ ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಗು ಹಾಸಿಕೊಂಡೇ ಬಂದವರು. ಅದಕ್ಕಾಗಿಯೇ ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ (ಸೊಪ್ಪು, ದರಗು ತರುವ ಕಾಡು) ಬಿಟ್ಟುಕೊಟ್ಟಿದ್ದರು. ಕೋಳಿ, ಬಾತಿಗೂ ಅದೇ ದರಗು ಸಾಕು.

ಹಸಿ ಸೊಪ್ಪು ಮಾತ್ರ ಹಾಕಬೇಡಿ. ದನದ ಕಾಲಡಿಗೆ ಅದು ಸರಿ, ಹಕ್ಕಿಗೆ ಬರೀ ನೀರು. ಒಣಗಿದ್ದೇ ಆಗಬೇಕು. ಹಲಸು, ಮಾವು, ಕಾಡುಮರಗಳ ಎಲೆ ಒಳ್ಳೆಯದು. ತೇಗದ ಎಲೆ ತಟ್ಟೆಯ ಹಾಗೆ ಒಂದರ ಮೇಲೊಂದು ಕೂತು, ನಡುವೆ ನೀರು ನಿಲ್ಲಿಸಿಕೊಳ್ಳುತ್ತದೆ, ಹಾಗಾಗಿ ಪುಡಿ ಮಾಡಿ ಹಾಕಬೇಕು. ಅಕೇಶಿಯಾ ಎಲೆ ಚರ್ಮದ ಹಾಗೆ, ಗೊಬ್ಬರ ಗುಂಡಿಯಲ್ಲಿ ವರ್ಷವಾದರೂ ಹಾಗೇ ಇರುತ್ತದೆ.

ಅಡಿಕೆ ಸಿಪ್ಪೆ ನಾನೂ ಹಾಕಿ ನೋಡಿದೆ. ಗೋಟಿನ (ಹಣ್ಣಾದ ಅಡಿಕೆಯ) ಸಿಪ್ಪೆ ಚೆನ್ನಾಗಿ ಒಣಗಿದ್ದರೆ ಅಡಿಯಲ್ಲಿ ದಪ್ಪ ಪದರವಾಗಿ ಕೆಲಸ ಮಾಡುತ್ತದೆ, ನೀರು ಕೆಳಗೆ ಇಳಿಯುತ್ತದೆ. ಮೇಲಿನ ಪದರಕ್ಕೆ ಬೇಡ. ಅದರ ನಾರು ಬಿಚ್ಚಿಕೊಂಡು ಒಂದು ಮರಿಯ ಕಾಲ್ಬೆರಳಿಗೆ ಸುತ್ತಿ, ಬೆರಳು ಕಪ್ಪಾಗಿ ಉದುರಿಹೋಯಿತು. ಅವತ್ತಿನಿಂದ ಮರಿ ಇರುವ ಗೂಡಿಗೆ ನಾರು ಬಿಚ್ಚಿಕೊಳ್ಳುವ ಯಾವ ವಸ್ತುವನ್ನೂ ನಾನು ತಂದಿಲ್ಲ.

ನೀರಿನ ವ್ಯವಸ್ಥೆಗೆ ನಾವು ಮಾಡಿದ್ದು ಹೀಗೆ. ಗೂಡಿನ ಹೊರಗೆ, ಮಾಡಿನ ಕೆಳಗೆ, ಎರಡು ಅಡಿ ಚೌಕದ ಗುಂಡಿ ತೆಗೆದು ಜಲ್ಲಿ ತುಂಬಿಸಿದೆವು. ಮೇಲೆ ಅಡಿಕೆ ದಬ್ಬೆಯ (ಅಡಿಕೆ ಮರದ ಸೀಳಿನ) ಚೌಕಟ್ಟು. ಅದರ ಮೇಲೆ ನೀರಿನ ಪಾತ್ರೆ. ಬಾತು ಎಷ್ಟು ಚೆಲ್ಲಿದರೂ ದಬ್ಬೆಯ ಸಂದಿಯಿಂದ ಜಲ್ಲಿಗೆ ಹೋಗುತ್ತದೆ, ಅಲ್ಲಿಂದ ಕಾಲುವೆಗೆ. ದಬ್ಬೆಯ ಒಳಮೈ ಮೇಲೆ ಬರದ ಹಾಗೆ ಇಟ್ಟು, ಅಂಚು ಕೆರೆದು ನುಣ್ಣಗೆ ಮಾಡಿ. ಸಿಬಿರು ಪಾದಕ್ಕೆ ಚುಚ್ಚಿದರೆ ಅಲ್ಲಿಂದಲೇ ಬಾವು ಶುರು.

ಜಮಖಂಡಿ ರೈತ – ಜೂನ್ 27

ನಮ್ಮ ಕಡೆ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ. ಹೊಲದಲ್ಲೇ ಸುಟ್ಟುಬಿಡುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಮೇವು ಕತ್ತರಿಸುವ ಯಂತ್ರದಲ್ಲಿ ಎರಡು ಇಂಚು ತುಂಡು ಮಾಡಿ ಹಾಕಿದರೆ ಕೋಳಿಗೆ ಭಾಳ ಚಲೋ ಹಾಸು. ಇಡೀ ಎಲೆ ಹಾಕಬೇಡಿ, ಅಂಚು ಕೊಯ್ಯುತ್ತದೆ, ಮತ್ತೆ ಚಾಪೆಯಂತೆ ಹೆಣೆದುಕೊಂಡು ಕೆದಕಲು ಬರುವುದಿಲ್ಲ. ಭತ್ತದ ಹುಲ್ಲಿಗೂ ಇದೇ ಮಾತು. ಉದ್ದ ಹುಲ್ಲು ಹಾಕಿ ಕೋಳಿಗೆ ಕೆದಕು ಅಂದರೆ ಅದು ಎಲ್ಲಿ ಕೆದಕೀತು?

ಹೊಸ ಗೂಡು (ಹಾಸನ) – ಜೂನ್ 28

ಒದ್ದೆ ಹಾಸಿನ ಮೇಲೆ ಸುಣ್ಣ ಉದುರಿಸಿದರೆ ಸರಿಹೋಗುತ್ತದೆ ಅಂತ ನಮ್ಮ ಮಾವ ಹೇಳುತ್ತಾರೆ. ನಿಜವೇ?

ನಿವೃತ್ತ ಪಶುವೈದ್ಯೆ – ಜೂನ್ 28

ಮಾವನವರ ಮಾತು ಅರ್ಧ ಸರಿ. ಗೂಡು ಖಾಲಿ ಮಾಡಿ, ತೊಳೆದು, ನೆಲಕ್ಕೆ ಸುಣ್ಣ ಬಳಿಯುವುದು ಒಳ್ಳೆಯ ಪದ್ಧತಿ. ನೀರು ಹಾಕಿ ಅರಳಿಸಿದ ಸುಣ್ಣದ ಪುಡಿಯನ್ನು ಸ್ವಲ್ಪ ಹಾಸಿಗೆ ಬೆರೆಸಿ ತಿರುವಿದರೆ ತೇವ ಕಡಿಮೆಯಾಗುತ್ತದೆ. ಆದರೆ ಹಿಕ್ಕೆ ತುಂಬಿದ ಒದ್ದೆ ಹಾಸಿನ ಮೇಲೆ ಸುಮ್ನೆ ಉದುರಿಸಿದರೆ ಒಳಗಿದ್ದ ಅಮೋನಿಯಾ ಒಂದೇ ಸಲಕ್ಕೆ ಮೇಲೆ ಬರುತ್ತದೆ. ಹಕ್ಕಿಗಳನ್ನು ಹೊರಗೆ ಬಿಟ್ಟು, ಬಾಗಿಲು ತೆರೆದು ಮಾಡಿ. ಅರಳದ ಸುಟ್ಟ ಸುಣ್ಣವನ್ನು ಮುಟ್ಟಲೇಬೇಡಿ, ಒದ್ದೆ ಪಾದ ಸುಟ್ಟುಹೋಗುತ್ತದೆ.

ಒದ್ದೆ ಹಾಸಿಗೆ ನಾನು ಇಷ್ಟು ಹೆದರುವುದು ರಕ್ತಭೇದಿಗೆ. ಕಾಕ್ಸಿಡಿಯಾ ರೋಗಾಣುವಿನ ಮೊಟ್ಟೆಯಂಥ ಕಣ ಹಿಕ್ಕೆಯಲ್ಲಿ ಹೊರಬಿದ್ದಾಗ ಅದರಿಂದ ರೋಗ ಅಂಟುವುದಿಲ್ಲ. ತೇವ, ಬೆಚ್ಚಗಿನ ಹವೆ, ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಅದು ಬಲಿಯುತ್ತದೆ, ಆಮೇಲೆ ತಿಂದ ಮರಿಗೆ ರೋಗ. ಒಣ ಹಾಸಿನಲ್ಲಿ ಅದು ಬಲಿಯುವುದು ಕಷ್ಟ. ಬಾತಿನ ಕಾಕ್ಸಿಡಿಯಾ ಕೋಳಿಗೆ ಬರುವುದಿಲ್ಲ, ಕೋಳಿಯದ್ದು ಬಾತಿಗೆ ಬರುವುದಿಲ್ಲ. ಆದರೆ ಬಾತು ಚೆಲ್ಲಿದ ನೀರು ಕೋಳಿಯ ರೋಗಕ್ಕೆ ಜಾಗ ಮಾಡಿಕೊಡುತ್ತದೆ. ಎರಡನ್ನೂ ಬೇರೆ ಮಲಗಿಸಿ ಅಂತ ನಾನು ಹೇಳುವುದು ಇದಕ್ಕೇ.

ಉಡುಪಿ ಹಿತ್ತಲು – ಜೂನ್ 28

ನಾವು ರಾತ್ರಿ ಬಾತಿನ ಗೂಡಿನಲ್ಲಿ ನೀರು ಇಡುವುದೇ ಇಲ್ಲ. ಆದರೆ ಮೇವನ್ನೂ ಇಡುವುದಿಲ್ಲ. ಇದು ನೆನಪಿರಲಿ. ಮೇವು ಇಟ್ಟು ನೀರು ಇಡದಿದ್ದರೆ ಗಂಟಲಿಗೆ ಸಿಕ್ಕಿ ಸಾಯುತ್ತದೆ. ಸಂಜೆ ಹೊರಗೆ ಹೊಟ್ಟೆ ತುಂಬ ತಿಂದು ಕುಡಿದು ಒಳಗೆ ಬಂದರೆ ಬೆಳೆದ ಬಾತಿಗೆ ಬೆಳಗಿನವರೆಗೆ ಸಾಕು. ಮರಿಗಳಿಗೆ ಈ ಲೆಕ್ಕ ಬೇಡ, ಅವಕ್ಕೆ ಎರಡೂ ಇರಲೇಬೇಕು.

ತುಂಗೆಯ ದಡ – ಜುಲೈ 2

ಮಗ, ನಾನು ಸೇರಿ ಮೂರು ದಿನ ಕೆಲಸ ಮಾಡಿದೆವು. ಗೂಡು ಖಾಲಿ ಮಾಡಿ, ತೊಳೆದು, ಸುಣ್ಣ ಬಳಿದು, ಒಣಗಲು ಬಿಟ್ಟೆವು. ಈ ಮಳೆಯಲ್ಲಿ ಅದು ಒಣಗಲು ಎರಡು ದಿನ ಹಿಡಿಯಿತು, ಒಲೆಯ ಕೆಂಡ ತಂದು ಬಾಣಲೆಯಲ್ಲಿ ಇಟ್ಟೆವು. ಬಿದಿರಿನ ತಟ್ಟಿ ಕಟ್ಟಿ ಎರಡು ಭಾಗ ಮಾಡಿದ್ದೇವೆ. ನೆಲ ಇಳಿಜಾರಾಗಿರುವ ಕಡೆ ಬಾತಿಗೆ, ಎತ್ತರದ ಕಡೆ ಕೋಳಿಗೆ. ನೀರು ಹೊರಗೆ, ಜಲ್ಲಿ ಗುಂಡಿಯ ಮೇಲೆ.

ಕೋಳಿ ಕಡೆ ದೊಡ್ಡ ಮಿಲ್ಲಿನ ಉಮಿ ನಾಲ್ಕು ಇಂಚು. ಬಾತಿನ ಕಡೆ ಅಡಿಯಲ್ಲಿ ಒಣ ಅಡಿಕೆ ಸಿಪ್ಪೆ, ಮೇಲೆ ಕತ್ತರಿಸಿದ ಭತ್ತದ ಹುಲ್ಲು. ದರಗು ಈಗ ಎಲ್ಲಿ ಹೋದರೂ ಒದ್ದೆ.

ನಿವೃತ್ತ ಪಶುವೈದ್ಯೆ – ಜುಲೈ 2

ತುಂಬಾ ಸಂತೋಷ. ಬಾತಿನ ಕಡೆ ದಿನಾ ಎಲ್ಲ ತೆಗೆಯಬೇಡಿ. ಬೆಳಿಗ್ಗೆ ರೊಟ್ಟಿಯಾದ ಜಾಗವನ್ನಷ್ಟೇ ಎತ್ತಿ, ಉಳಿದದ್ದನ್ನು ಕವೆಗೋಲಿನಿಂದ ಬಿಡಿಸಿ. ಸಂಜೆ ಒಂದು ತೆಕ್ಕೆ ಒಣ ಹುಲ್ಲು ಮೇಲೆ ಹಾಕಿ. ಮಧ್ಯಾಹ್ನ ಬಾತು ಹೊರಗಿದ್ದಾಗ ಅವುಗಳ ಹಾಸಿನ ಮೇಲೆ ಒಂದು ಹಿಡಿ ರಾಗಿ ಎರಚಿ ಕೋಳಿಗಳನ್ನು ಬಿಡಿ. ಕವೆಗೋಲಿನ ಅರ್ಧ ಕೆಲಸ ಅವೇ ಮಾಡುತ್ತವೆ.

ಯಲಹಂಕದ ಮನೆ – ಜುಲೈ 3

ರಾಗಿ ಎರಚುವ ಉಪಾಯ ಇವತ್ತು ಮಾಡಿದೆ. ಹತ್ತು ನಿಮಿಷದಲ್ಲಿ ಐದು ಕೋಳಿ ಸೇರಿ ಇಡೀ ಹಾಸನ್ನು ತಿರುವಿ ಹಾಕಿದವು. ಇಷ್ಟು ವರ್ಷ ಕೈಯಲ್ಲಿ ಮಾಡುತ್ತಿದ್ದೆ.

ಹೊಸ ಗೂಡು – ಜುಲೈ 9

ಮುಂದಿನ ವಾರ ಒಂದು ದಿನದ 20 ಗಿರಿರಾಜ ತಳಿಯ ಕೋಳಿ ಮರಿ ಬರುತ್ತವೆ. ಬಲ್ಬಿನ ಕೆಳಗೆ ಉಮಿ ಹಾಕಿ ಮೇಲೆ ಪೇಪರ್ ಹಾಸಲಾ?

ಶಿರಸಿ ಬೆಟ್ಟ – ಜುಲೈ 9

ಹಾಸಿ. ಮೊದಲ ಮೂರ್ನಾಲ್ಕು ದಿನ ಮರಿಗಳು ಉಮಿ ತಿನ್ನದ ಹಾಗೆ ಪೇಪರ್ ಬೇಕು. ಆದರೆ ನುಣುಪಾದ ಪೇಪರ್ ಬೇಡ, ಕಾಲು ಜಾರಿ ಎರಡೂ ಕಡೆಗೆ ಸೀಳಿಕೊಂಡು ನಿಲ್ಲಲಾಗದೆ ಹೋಗುತ್ತವೆ. ಹಳೇ ಗೋಣಿಚೀಲದ ತುಂಡು ಇನ್ನೂ ಒಳ್ಳೆಯದು, ನೂಲು ಬಿಚ್ಚಿರಬಾರದು ಅಷ್ಟೇ. ಬಲ್ಬನ್ನು ಎರಡು ಕಡೆ ಗಟ್ಟಿಯಾಗಿ ಕಟ್ಟಿ. ಉಮಿಯ ಮೇಲೆ ಬಿದ್ದರೆ ಮೊದಲು ಹೊಗೆಯಾಡುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ. ನಮ್ಮ ಊರಿನಲ್ಲಿ ಒಂದು ಮನೆಯ ಗೂಡು ಹಾಗೇ ಹೋಯಿತು.

ತುಂಗೆಯ ದಡ – ಆಗಸ್ಟ್ 19

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಕೋಳಿ ಕಡೆಯ ಉಮಿಯನ್ನು ಜುಲೈ 2ರಿಂದ ಇವತ್ತಿನವರೆಗೆ ಒಮ್ಮೆಯೂ ತೆಗೆದಿಲ್ಲ. ಮೇಲೆ ಮೇಲೆ ಹಾಕುತ್ತಾ ಆರು ಇಂಚು ಆಗಿದೆ. ಹಿಸುಕಿದರೆ ಉಂಡೆ ಬಿರಿಯುತ್ತದೆ. ಕೂತು ಮೂಸಿದರೆ ಮಣ್ಣಿನ ವಾಸನೆ. ಹೇಂಟೆಗಳ ಕಣ್ಣು ಸರಿಹೋಗಿದೆ. ಕುಂಟುತ್ತಿದ್ದ ಬಾತು ಹತ್ತು ದಿನಕ್ಕೆ ಓಡಾಡಿತು.

ಬಾತಿನ ಕಡೆ ವಾರಕ್ಕೊಮ್ಮೆ ಮೇಲಿನ ಪದರ ತೆಗೆಯುತ್ತೇನೆ. ನಡುವೆ ಒಂದು ತಪ್ಪು ಮಾಡಿದೆ. ಹುಲ್ಲು ಸಾಲದೆ ಅರೆ ಒಣಗಿದ ಅಡಿಕೆ ಸಿಪ್ಪೆ ಹಾಕಿದೆ, ನಾಲ್ಕನೇ ದಿನ ಕೈ ಹಾಕಿದರೆ ಒಳಗೆ ಬಿಸಿ, ಬಿಳಿ ಬೂಸ್ಟು. ಅವತ್ತು ರಾತ್ರಿಯೇ ಎಲ್ಲ ಹೊರಗೆ ಹಾಕಿದೆ. ತೆಗೆದದ್ದೆಲ್ಲ ಗೊಬ್ಬರ ಗುಂಡಿಗೆ ಹೋಗುತ್ತಿದೆ, ದರಗಿನ ಜೊತೆ ಪದರ ಪದರವಾಗಿ.

ಜಮಖಂಡಿ ರೈತ – ಆಗಸ್ಟ್ 19

ಅಕ್ಕಾರ, ಗುಂಡಿಯ ಸುತ್ತ ಬೇಲಿ ಹಾಕಿ, ದನ ಬಾಯಿ ಹಾಕಬಾರದು. ಸತ್ತ ಹಕ್ಕಿ ಏನಾದರೂ ಅದರಲ್ಲಿ ಸೇರಿದ್ದರೆ ದನಕ್ಕೆ ಜೀವ ಹೋಗುವಂಥ ವಿಷ ಆಗುತ್ತದೆ. ಗೊಬ್ಬರ ಹಸಿಯಾಗಿ ಗಿಡದ ಬುಡಕ್ಕೂ ಬೇಡ, ಬೇರು ಸುಡುತ್ತದೆ. ನಾಲ್ಕೈದು ತಿಂಗಳು ಕೊಳೆಯಲಿ.

ಉಡುಪಿ ಹಿತ್ತಲು – ಆಗಸ್ಟ್ 20

ಬಾತು ಮೊಟ್ಟೆ ಹೇಗಿದೆ ಅಕ್ಕಾ? ಮೊದಲು ಎಲ್ಲ ಕೆಸರು ಮೆತ್ತಿಕೊಂಡೇ ಸಿಗುತ್ತಿದ್ದವಾ?

ತುಂಗೆಯ ದಡ – ಆಗಸ್ಟ್ 20

ಹೌದು, ಆಗ ಒಂದೊಂದನ್ನೂ ಉಜ್ಜಿ ತೊಳೆಯಬೇಕಿತ್ತು, ಕಾವಿಗೆ ಇಡಲು ಒಂದೂ ಸಿಗುತ್ತಿರಲಿಲ್ಲ. ಬಾತು ಬೆಳಕು ಹರಿಯುವ ಹೊತ್ತಿಗೆ ಇಡುವುದರಿಂದ ಈಗ ಎಂಟು ಗಂಟೆಯವರೆಗೆ ಬಾಗಿಲು ತೆಗೆಯುವುದಿಲ್ಲ. ಗೋಡೆ ಬದಿ ದಪ್ಪ ಹುಲ್ಲು ಹಾಕಿದ ಜಾಗದಲ್ಲಿ ಅವೇ ಗುಳಿ ಮಾಡಿಕೊಂಡಿವೆ. ಇವತ್ತು ಬೆಳಿಗ್ಗೆ ಐದು ಬಾತಿನಿಂದ ನಾಲ್ಕು ಮೊಟ್ಟೆ. ನಾಲ್ಕೂ ಒಣಗಿದ್ದವು, ಒಂದಕ್ಕೂ ಕಲೆ ಇಲ್ಲ. ಒಂದು ನಾಟಿ ಹೇಂಟೆ ಕಾವಿಗೆ ಕೂತಿದೆ, ಅದರ ಕೆಳಗೆ ಇಟ್ಟಿದ್ದೇನೆ. ಬಾತಿನ ಮೊಟ್ಟೆಗೆ 28 ದಿನ ಅಲ್ವಾ? ಅಂದರೆ ಸೆಪ್ಟೆಂಬರ್ 17. ಆ ಮೂಲೆಗೆ ಹೊಸ ಹುಲ್ಲು ಈಗಲೇ ಅಟ್ಟದ ಮೇಲೆ ಒಣಗಲು ಹಾಕಿದ್ದೇನೆ.